ಮೇಲಿನ ಗೇಟಿನ ಕಿತ್ತಳೆ ಸ್ವೆಟರುಗಳು

ನವೆಂಬರ್ 5, ಸೋಮವಾರ

ಇವತ್ತು ಲಾರಿ ಯಾರ್ಡಿನ ಮೇಲಿನ ಗೇಟಿನ ಹಮಾಲರ ನಾಯಕ ಕೊಕ್ಕೆ ಮೇಸ್ತ್ರಿ ಖುದ್ದಾಗಿ ನಮ್ಮ ಮನೆಯ ಹೊಸ್ತಿಲು ತುಳಿದ. ಸುಮ್ಮನೆ ಬಂದವನಲ್ಲ, ಸ್ವೆಟರ್ ಹೆಣೆಯುವ ನನ್ನ ಕೈಯನ್ನು ಹುಡುಕಿಕೊಂಡು ಬಂದವನು. ಜೊತೆಗೆ ನನ್ನ ಅಳಿಯ. ಅಳಿಯನೆಂದರೆ ಅಕ್ಕನ ಮಗ. ಮೇಸ್ತ್ರಿಯ ಗುಂಪಿನಲ್ಲಿ ಮೂಟೆ ಇಳಿಸುತ್ತಾನೆ. ಆಳು ಬಾಗಿಲಿನಷ್ಟು ಎತ್ತರ, ಎದೆ ಮಾತ್ರ ಕಿಟಕಿಯಷ್ಟು.

ಸಂಗತಿ ಇಷ್ಟು. ಬಂದ ಲಾರಿಯನ್ನು ಯಾರು ಇಳಿಸಬೇಕೆಂದು ಮೇಲಿನ ಗೇಟಿನವರಿಗೂ ಕೆಳಗಿನ ಗೇಟಿನವರಿಗೂ ನಮ್ಮಪ್ಪನ ಕಾಲದ ಹಗೆ. ನಿನ್ನೆ ಬೆಳಗಿನ ಹೊಡೆದಾಟದಲ್ಲಿ ಮಂಜು ಎಷ್ಟಿತ್ತೆಂದರೆ ಚಾಚಿದ ಕೈ ಕಾಣುತ್ತಿರಲಿಲ್ಲವಂತೆ. ಮೇಸ್ತ್ರಿ ಮೂಟೆ ಎಳೆಯುವ ಕೊಕ್ಕೆಯನ್ನು ಬೀಸಿ ಒಬ್ಬನ ಕಿವಿಯನ್ನು ಬುಡಸಮೇತ ಹರಿದ. ಹತ್ತಿರ ಹೋಗಿ ನೋಡಿದರೆ ತನ್ನದೇ ಗುಂಪಿನವನ ಕಿವಿ!

"ನಮ್ಮೋರು ಯಾರು, ಅವರ ಕಡೆಯೋರು ಯಾರು ಅಂತ ಗೊತ್ತಾಗ್ಬೇಕು ಮಾವ," ಅಂದ ಮೇಸ್ತ್ರಿ. ಯಾರ್ಡಿನವರಿಗೆಲ್ಲ ನಾನು ಮಾವನೇ. "ಹನ್ನೊಂದು ಜನಕ್ಕೂ ಒಂದೇ ಬಣ್ಣದ ಸ್ವೆಟರ್. ಮಂಜಲ್ಲೂ ಕಣ್ಣಿಗೆ ಹೊಡೀಬೇಕು. ಆ ಬಣ್ಣ ಇಲ್ಲದೋನು ಯಾವನೇ ಎದುರಿಗೆ ಬರ್ಲಿ, ಕೇಳದೆ ಹಾಕೋದೇ. ಆಗುತ್ತಾ?"

"ಆಗುತ್ತಾ ಅಂತ ಕೇಳ್ತೀಯಲ್ಲ! ಕೋಲ್ಡ್ ಸ್ಟೋರೇಜಲ್ಲಿ ಕಾವಲು ಕಾದ ಕೈ ಇದು. ಮಂಜುಗಡ್ಡೆ ಮೇಲೆ ಕೂತು ಹೆಣೆದಿದೀನಿ. ನನ್ನ ಸ್ವೆಟರ್ ನೋಡಿ ಅಲ್ಲಿದ್ದ ಸತ್ತ ಮೀನುಗಳೇ 'ನಮಗೂ ಒಂದೊಂದು' ಅಂದಿದ್ವು."

ಒಳಗಿಂದ ಅಕ್ಕ, "ಮೀನು ಮಾತಾಡಿದ್ದು ಇವನೊಬ್ಬನಿಗೇ ಕೇಳಿಸಿದ್ದು," ಅಂದಳು.

ಮೇಸ್ತ್ರಿ ಹೋದ ಮೇಲೆ ಅಳಿಯ ಆ ಕಿವಿಯ ಕಥೆ ಹೇಳುತ್ತಾ ಬೆಳ್ಳಗಾದ. ಹುಡುಗನಿಗೆ ರಕ್ತ ಕಂಡರೆ ಆಗುವುದಿಲ್ಲ. ನಮ್ಮ ವಂಶದಲ್ಲಿ ಇಂಥದ್ದಿಲ್ಲ. ತಿದ್ದಬೇಕು.

ನವೆಂಬರ್ 7, ಬುಧವಾರ

ನೂಲಿನಂಗಡಿಯಮ್ಮನ ಹತ್ತಿರ ಹನ್ನೊಂದು ಸ್ವೆಟರಿಗೆ ಆಗುವಷ್ಟು ಒಂದೇ ಬಣ್ಣದ ಉಣ್ಣೆ ಇಲ್ಲ. ಇದ್ದದ್ದು ಮೂಲೆಯಲ್ಲೊಂದು ಕಿತ್ತಳೆ ಬಣ್ಣದ ರಾಶಿ. ಮುಚ್ಚಿಹೋದ ಕಾಲುಚೀಲದ ಕಾರ್ಖಾನೆಯ ಮಾಲಂತೆ. ಚೀಟಿ ಇಲ್ಲ, ಹೆಸರಿಲ್ಲ. ಮುಟ್ಟಿದರೆ ಹಾವಿನ ಹೊಟ್ಟೆಯ ಹಾಗೆ ತಣ್ಣಗೆ, ನುಣ್ಣಗೆ. ತೂಕವೂ ಹೆಚ್ಚು.

"ಬಿದಿರಿನಿಂದ ತೆಗೆದ ನೂಲು ಅಂತಾರೆ. ನಾನೂ ಇದರಲ್ಲಿ ಹೆಣೆದು ನೋಡಿಲ್ಲ," ಅಂದಳು.

"ಬಿದಿರಲ್ಲಿ ಏಣಿ ಕಟ್ತಾರೆ. ಒಂದಾಳಿನ ಭಾರ ಹೊರುತ್ತೆ ಅಂದ್ಮೇಲೆ ಸ್ವೆಟರ್ ಏನು ಮಹಾ."

"ಗುರುತಿಲ್ಲದ ನೂಲು ಕಣ್ರೀ. ಮೊದಲು ಅಂಗೈಯಗಲ ಒಂದು ತುಂಡು ಹೆಣೀರಿ. ನೀರಲ್ಲಿ ನೆನೆಸಿ, ತೂಗುಹಾಕಿ ಒಣಗಿಸಿ, ಎಷ್ಟು ಹಿಗ್ಗಿತು ಅಂತ ಅಳೀರಿ. ಆಮೇಲೆ ಲೆಕ್ಕ."

"ತುಂಡು ಹೆಣೆಯೋದು ಕಲಿಯೋ ಹುಡುಗೀರಮ್ಮ. ನನ್ನ ಕಣ್ಣೇ ಟೇಪು, ನನ್ನ ಬೆರಳೇ ತಕ್ಕಡಿ."

ಅವಳು ತಲೆ ಕೊಡವಿದಳು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಾದರೂ ಮಗ್ಗಿ ಮಾತ್ರ ನಿದ್ದೆಯಲ್ಲೂ ತಪ್ಪಿಲ್ಲ. ಎದೆಯ ಅಳತೆ ಹೇಳಿದರೆ ಸಾಕು, ಕಡ್ಡಿಯ ಮೇಲೆ ಎಷ್ಟು ಕುಣಿಕೆ ಎತ್ತಬೇಕೆಂದು ನಡೆದಾಡುತ್ತಲೇ ಹೇಳುತ್ತೇನೆ. ದಾರಿಯಲ್ಲಿ ಬರುತ್ತಾ ಹನ್ನೊಂದಕ್ಕೂ ಹೇಳಿ ಮುಗಿಸಿದೆ, ಕೇಳುವವರು ಇರಲಿಲ್ಲ ಅಷ್ಟೆ.

ನವೆಂಬರ್ 19, ಸೋಮವಾರ

ಕೆಲಸ ಕುದುರೆಯ ಹಾಗೆ ಓಡುತ್ತಿದೆ. ಓಣಿಯ ಹೆಂಗಸರಿಗೆ ಬೆನ್ನು, ಎದೆ ಹಂಚಿದ್ದೇನೆ. ಅಕ್ಕನಿಗೆ ತೋಳುಗಳು. ಕತ್ತು ಮಾತ್ರ ನನ್ನದೇ, ಕತ್ತಿನ ಕೆಲಸವನ್ನು ಯಾರನ್ನೂ ನಂಬಿ ಬಿಡಬಾರದು. ನೂಲು ಕಡ್ಡಿಯಿಂದ ಜಾರುತ್ತದೆ, ಹಿಡಿಯಲು ಹೋದರೆ ಇನ್ನೊಂದು ಕುಣಿಕೆ ಜಾರುತ್ತದೆ. ಅಕ್ಕನ ಬಾಯಲ್ಲಿ ಈ ನೂಲಿನ ತಾಯಿಯನ್ನು ಕುರಿತ ಬೈಗುಳ ಕೇಳಿ ಓಣಿಯ ಹೆಂಗಸರು ಹೊಸದಾಗಿ ಎರಡು ಕಲಿತರು.

ಸಂಜೆ ಹಿತ್ತಲಲ್ಲಿ ಅಳಿಯನಿಗೆ ಪಾಠ. ಚಿಂದಿ ತುಂಬಿದ ಗೋಣಿಯನ್ನು ತೂಗುಹಾಕಿ ಕೊಕ್ಕೆ ಹೇಗೆ ಹಾಕಬೇಕೆಂದು ತೋರಿಸಿದೆ. ಹಾಕುವುದು ದೊಡ್ಡದಲ್ಲ, ಹಾಕಿದ ಮೇಲೆ ಮಣಿಕಟ್ಟು ತಿರುವಿ ಎಳೆಯಬೇಕು. ಆಗ ಒಳಗಿನದು ಹೊರಗೆ ಬರುತ್ತದೆ.

"ಮಾವ, ನೀನು ನಿಜವಾಗ್ಲೂ ಯಾರಿಗಾದ್ರೂ ಹಾಕಿದೀಯಾ?"

"ಯಾರಿಗೆ ಅಂತ ಕೇಳಬೇಡ. ಎಷ್ಟು ಜನಕ್ಕೆ ಅಂತ ಕೇಳು."

"ಉತ್ತರನ ಪೌರುಷ ಒಲೆ ಮುಂದೆ," ಅಂದಳು ಅಕ್ಕ. "ಅವನ ತಲೆ ಕೆಡಿಸಬೇಡ ಕಣೋ. ಇರೋದೊಬ್ಬನೇ ಮಗ ನನಗೆ."

ಅಳಿಯ ಕಣ್ಣು ಮುಚ್ಚಿ ಹಾಕಿದ. ಗೋಣಿ ಬಾಯಿಬಿಟ್ಟು ಚಿಂದಿಯೆಲ್ಲ ಕರುಳಿನ ಹಾಗೆ ನೆಲಕ್ಕೆ ಸುರಿಯಿತು. ಭೇಷ್ ಎಂದೆ. ಕಣ್ಣು ಮುಚ್ಚಿದ್ದನ್ನು ಅಕ್ಕನಿಗೆ ಹೇಳಲಿಲ್ಲ.

ಡಿಸೆಂಬರ್ 4, ಮಂಗಳವಾರ

ಆಹಾ, ಇಂಥ ಬೆಳಗು ನನ್ನ ಆಯುಸ್ಸಿನಲ್ಲಿ ಕಂಡಿಲ್ಲ.

ಭಾನುವಾರ ಸ್ವೆಟರುಗಳನ್ನು ಕೊಟ್ಟೆ. ಇವತ್ತು ಅವುಗಳ ಮೊದಲ ಯುದ್ಧ. ನಾನು ಲಾರಿ ತೂಗುವ ವೇಬ್ರಿಜ್ ಪಕ್ಕದ ಗೋಡೆ ಹತ್ತಿ ಕೂತಿದ್ದೆ. ಮಂಜಿನೊಳಗಿಂದ ನಮ್ಮ ಹನ್ನೊಂದು ಜನ ಬೆಂಕಿಯ ಉಂಡೆಗಳ ಹಾಗೆ ಬಂದರು. ಕೆಳಗಿನ ಗೇಟಿನವರಿಗೆ ತಮ್ಮವರು ಯಾರೆಂದೇ ಗೊತ್ತಾಗಲಿಲ್ಲ, ನಮ್ಮವರಿಗೆ ಎಲ್ಲ ಗೊತ್ತಿತ್ತು. ಮೇಸ್ತ್ರಿ ಒಬ್ಬನ ಮೀನಖಂಡಕ್ಕೆ ಕೊಕ್ಕೆ ಹಾಕಿ ಮೂಟೆ ಎಳೆದಂತೆ ಡಾಂಬರಿನ ಮೇಲೆ ಎಳೆದೊಯ್ದ, ಅವನ ಗಲ್ಲದ ಚರ್ಮ ಅಲ್ಲೇ ಉಳಿಯಿತು. ಬೆಕ್ಕುಗಣ್ಣನೆಂದರೆ ಅಳಿಯನ ಜೋಡಿ, ಭಾರದ ಮೂಟೆಯನ್ನು ಇಬ್ಬರೂ ಆಚೆ ಈಚೆ ಹಿಡಿದು ಎತ್ತುವವರು. ಅವನು ಟೈರಿನ ಲಿವರ್ ಬೀಸಿ ಒಬ್ಬನ ಮುಂಗೈ ಮುರಿದ. ಒಣಸೌದೆ ಮುರಿದ ಸದ್ದು ಗೋಡೆಯ ಮೇಲಿದ್ದ ನನಗೂ ಕೇಳಿಸಿತು. ಕೆಳಗಿನ ಗೇಟಿನ ನಾಯಕನಿಗೆ ಮಿಠಾಯಿ ಎಂದು ಹೆಸರು. ಸದಾ ಒಂದು ಮಿಠಾಯಿ ಚೀಪುತ್ತಿರುತ್ತಾನೆ, ಮಾತೂ ಅಷ್ಟೇ ಸಿಹಿ, ಕೈ ಮಾತ್ರ ವಿಷ. ಅವನು ರಕ್ತ ಉಗುಳಿದಾಗ ಜೊತೆಗೆ ಮಿಠಾಯಿಯೂ ಬಿತ್ತು, ಒಂದು ಹಲ್ಲೂ ಬಿತ್ತು.

ಅಳಿಯ ಒಬ್ಬನನ್ನು ಕೆಡವಿ, ಅವನ ಮುಖ ನೋಡುತ್ತಾ ನಿಂತುಬಿಟ್ಟ. ನಾನು ಗೋಡೆಯಿಂದ ಕೂಗಿದೆ, "ಏನ್ ನೋಡ್ತೀಯೋ, ಇನ್ನೊಂದು ಹಾಕು!" ಹಾಕಿದ. ಹಾಕುತ್ತಲೇ ಹೋದ. ಕೊನೆಗೆ ಬೆಕ್ಕುಗಣ್ಣನೇ ಎಳೆದುಕೊಂಡು ಹೋಗಬೇಕಾಯಿತು.

ಮನೆಗೆ ಬಂದವನು ಒಲೆಯ ಮುಂದೆ ಕೂತುಬಿಟ್ಟ. ತಟ್ಟೆಯಲ್ಲಿದ್ದುದನ್ನು ಮುಟ್ಟಲಿಲ್ಲ. ಚಳಿ ಹಿಡಿದಿರಬೇಕು.

ಡಿಸೆಂಬರ್ 8, ಶನಿವಾರ

ಒಂದು ಸಣ್ಣ ವಿಷಯ. ಸ್ವೆಟರುಗಳು ಬೆಳೆಯುತ್ತಿವೆ.

ಮಂಜಿನ ನೀರು ಕುಡಿದು ನೂಲು ಭಾರವಾಗಿ ಜೋತುಬೀಳುತ್ತದೆ. ಸೊಂಟದಲ್ಲಿದ್ದ ಅಂಚು ತೊಡೆಗೆ ಇಳಿದಿದೆ. ತೋಳು ಬೆರಳು ದಾಟಿ ನೇತಾಡುತ್ತಿದೆ. ಬೆಕ್ಕುಗಣ್ಣ ನಮ್ಮ ಮನೆ ಬಾಗಿಲಲ್ಲಿ ಎರಡೂ ತೋಳುಗಳನ್ನು ಬೀಸುತ್ತಾ ಕುಣಿದು ತೋರಿಸಿದ. "ಮಾವ, ಬರೋ ತಿಂಗಳಿಗೆ ಇದನ್ನೇ ಹೊದ್ದುಕೊಂಡು ಮಲಗ್ಬಹುದು. ನಮ್ಮಮ್ಮ ಕಂಬಳಿ ಕೇಳ್ತಿದ್ಲು." ಅಕ್ಕ ನಕ್ಕೂ ನಕ್ಕೂ ಕೂತುಬಿಟ್ಟಳು.

"ತೋಳು ಮಡಚಿಕೋ, ಸಾಕು. ಬೆಚ್ಚಗೂ ಇರುತ್ತೆ," ಅಂದೆ. ಬಿಚ್ಚಿ ಮತ್ತೆ ಹೆಣೆಯಲು ನನಗೇನು ತಲೆ ಕೆಟ್ಟಿದೆಯೇ?

ಡಿಸೆಂಬರ್ 11, ಮಂಗಳವಾರ

ಬೆಕ್ಕುಗಣ್ಣ ಸತ್ತ.

ಡಿಸೆಂಬರ್ 12, ಬುಧವಾರ

ಅಳಿಯ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಕೆಳಗಿನವರು ಈ ಸಲ ಕೊಕ್ಕೆ ಬೀಸಲಿಲ್ಲ. ಜೋತುಬಿದ್ದ ತೋಳುಗಳನ್ನೇ ಹಿಡಿದು ಜಗ್ಗಿದರು. ಬೆಕ್ಕುಗಣ್ಣನ ತೋಳನ್ನು ಮಿಠಾಯಿ ಲಾರಿಯ ಹಿಂಬಾಗಿಲಿನ ಕೊಂಡಿಗೆ ಸುತ್ತಿ ಸಿಕ್ಕಿಸಿದ. ಆಮೇಲೆ ನಾಲ್ಕು ಜನ ಸರಳುಗಳಿಂದ ಬಡಿದರು. ಅಳಿಯ ಲಾರಿಯ ಕೆಳಗಿನಿಂದ ತೂರಿ ಹೋಗಿ ಅವನ ಸೊಂಟ ಹಿಡಿದು ಎಳೆದ. ಇವನು ಎಳೆದಷ್ಟೂ ತೋಳು ಉದ್ದವಾಯಿತು. ಹರಿಯಲಿಲ್ಲ. ಕಡಿಯಲಿಲ್ಲ. ಬೆಕ್ಕುಗಣ್ಣ "ಬಿಚ್ಚೋ, ಬಿಚ್ಚೋ" ಅನ್ನುತ್ತಿದ್ದನಂತೆ. ಒದ್ದೆಯಾದ ಸ್ವೆಟರಿನ ಕತ್ತು ತಲೆಗೆ ಕಚ್ಚಿಕೊಂಡು ಬಿಚ್ಚಲೂ ಆಗಲಿಲ್ಲ. ಅಳಿಯ ಹಿಡಿದುಕೊಂಡಿದ್ದ ಹಾಗೆಯೇ ಸರಳಿನ ಏಟಿಗೆ ಅವನ ತಲೆ ಒಡೆಯಿತು.

ಆ ಕತ್ತು ನಾನು ಹೆಣೆದದ್ದು. ಬಿಗಿಯಾಗಿ, ಚೆನ್ನಾಗಿ ಹೆಣೆದಿದ್ದೆ.

"ನೂಲೇ ಸರಿಯಿಲ್ಲ," ಅಂದೆ ಅಕ್ಕನಿಗೆ. "ಹೆಣಿಗೆಯಲ್ಲಿ ಒಂದು ಕುಣಿಕೆ ತಪ್ಪಿದ್ರೆ ತೋರಿಸಲಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಅಂದಳು. ಯಾವಾಗಲೂ ಈ ಮಾತನ್ನು ನಗುತ್ತಾ ಹೇಳುವವಳು.

ಡಿಸೆಂಬರ್ 13, ಗುರುವಾರ

ಮಧ್ಯಾಹ್ನ ಮೇಸ್ತ್ರಿ ಬಂದ. ಚಹಾ ಬೇಡವೆಂದ. ನನ್ನ ಎಡಗೈಯನ್ನು ಹಿಡಿದುಕೊಂಡು, ಬಹಳ ಪ್ರೀತಿಯಿಂದ ಎನ್ನುವ ಹಾಗೆ, ಬಾಗಿಲ ಸಂದಿಗೆ ಇಟ್ಟ. ನಡುವಿನ ಮೂರು ಬೆರಳು. ಬಾಗಿಲನ್ನು ಭುಜದಿಂದ ಒತ್ತಿದ. ಒಂದು ಸಲಕ್ಕೆ ಮುರಿಯಲಿಲ್ಲವೆಂದು ಇನ್ನೊಂದು ಸಲ ಒತ್ತಿದ. ಕೋಲ್ಡ್ ಸ್ಟೋರೇಜಿನ ಕೈಯೆಂದರೆ ಸುಮ್ಮನೆಯೇ!

ನಾನು ಕಿರುಚಲಿಲ್ಲ. ಓಣಿಯ ಕೊನೆಯ ಮನೆಯವರಿಗೂ ಕೇಳಿಸಿತೆಂದು ಅಕ್ಕ ಹೇಳುತ್ತಾಳೆ. ಅದು ಬಾಗಿಲಿನ ಸದ್ದಿರಬೇಕು.

"ಬಲಗೈ ಬಿಟ್ಟಿದೀನಿ," ಅಂದ ಮೇಸ್ತ್ರಿ. "ಯಾಕೆ ಗೊತ್ತಾ? ಎಲ್ಲಾ ಸ್ವೆಟರ್ ಸರಿ ಮಾಡಿ ಕೊಡ್ತೀಯ. ಇನ್ನೊಬ್ಬ ಸತ್ತರೆ ಬಾಗಿಲಿಗೆ ಕತ್ತು."

ಅಳಿಯ ಅಲ್ಲೇ ಗೋಡೆಗೊರಗಿ ನಿಂತಿದ್ದ. ಅಲುಗಲಿಲ್ಲ. ಬರೆಯಲು ಬಲಗೈ ಇದೆ, ಆದರೆ ಪುಸ್ತಕ ಒತ್ತಿ ಹಿಡಿಯಲು ಎಡಗೈ ಬೇಕೆಂದು ಇವತ್ತೇ ತಿಳಿದದ್ದು.

ಡಿಸೆಂಬರ್ 17, ಸೋಮವಾರ

ಅಂಗಡಿಯಮ್ಮನ ಹತ್ತಿರ ಇದ್ದಬದ್ದ ಗುರುತಿಲ್ಲದ ನೂಲುಗಳಲ್ಲೆಲ್ಲ ಒಂದೊಂದು ಸಣ್ಣ ಉಂಡೆ ತಂದಿದ್ದೇನೆ. ಅವಳು ನನ್ನ ಕೈಯ ಪಟ್ಟಿ ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೆ ಒಂದೆರಡು ಉತ್ತರ ಸಿದ್ಧವಿತ್ತು.

ಕಡ್ಡಿಯನ್ನು ಎಡ ಕಂಕುಳಲ್ಲಿ ಒತ್ತಿ ಹಿಡಿದು, ಒಳ್ಳೆಯ ಕೈಯಿಂದ ಅಂಗೈಯಗಲದ ತುಂಡುಗಳನ್ನು ಹೆಣೆದೆ. ಅಂಗಡಿಯಮ್ಮ ಹೇಳಿದ್ದಕ್ಕಲ್ಲ, ಹೊತ್ತು ಹೋಗಲೆಂದು. ಬಕೆಟ್ಟಿನಲ್ಲಿ ನೆನೆಸಿ, ತುದಿಗೆ ಕಲ್ಲು ಕಟ್ಟಿ ಹಿತ್ತಲ ತಂತಿಗೆ ತೂಗುಹಾಕಿದೆ. ಬೂದು ಬಣ್ಣದ್ದು ಅಲುಗಾಡಲಿಲ್ಲ, ಒಳ್ಳೆಯ ಉಣ್ಣೆ. ಹಸಿರು ಬಣ್ಣದ್ದು ಬೆಂಕಿಕಡ್ಡಿ ತಾಗಿದ್ದೇ ಕರಗಿ ತೊಟ್ಟಿಕ್ಕಿತು, ಮೈಮೇಲಿದ್ದರೆ ಚರ್ಮದ ಜೊತೆಗೇ ಬರುವಂಥದ್ದು. ಇನ್ನೊಂದು ಬಿಳಿಯದು. ಒಂದೇ ಎಳೆ, ದಪ್ಪ, ಹುರಿಯೇ ಹಾಕಿಲ್ಲ, ಮೋಡವನ್ನು ಉದ್ದಕ್ಕೆ ಎಳೆದ ಹಾಗಿದೆ. ಸುಮ್ಮನೆ ತೂಗಿದರೆ ಕಲ್ಲನ್ನು ಹೊತ್ತುಕೊಂಡು ನಿಲ್ಲುತ್ತದೆ. ಫಕ್ಕನೆ ಜಗ್ಗಿದರೆ ಟಪ್ಪೆಂದು ಕಡಿಯುತ್ತದೆ.

ಆ ಬಿಳಿಯದನ್ನು ಜಗ್ಗಿದೆ, ಕಡಿಯಿತು. ಮತ್ತೆ ಜಗ್ಗಿದೆ. ಅಕ್ಕ ಬಂದು ನೋಡುವ ಹೊತ್ತಿಗೆ ನನ್ನ ಸುತ್ತ ತುಂಡುಗಳ ರಾಶಿ.

"ಏನೋ ಇದು, ಮಗು ಥರ?"

"ಅಕ್ಕ, ತೋಳನ್ನ ಮೈಗೆ ಸೇರಿಸೋದು ಇದರಲ್ಲಿ. ಹಾಕ್ಕೊಂಡಾಗ ಗಟ್ಟಿ ಇರುತ್ತೆ. ಯಾವನಾದ್ರೂ ಹಿಡಿದು ಜಗ್ಗಿದ್ರೆ ತೋಳು ಅವನ ಕೈಗೆ, ನಮ್ಮ ಹುಡುಗ ಈಚೆಗೆ."

ಅವಳು ಒಂದು ತುಂಡನ್ನು ಎತ್ತಿಕೊಂಡು ಜಗ್ಗಿ ನೋಡಿದಳು. ಆಮೇಲೆ ಪಕ್ಕದಲ್ಲೇ ಕೂತಳು. ಇಂಥ ಬುದ್ಧಿ ಏಳು ಹಳ್ಳಿಯಲ್ಲಿ ಯಾವನಿಗೂ ಹೊಳೆದಿರಲಾರದು.

ಜನವರಿ 4, ಶುಕ್ರವಾರ

ಮುಗಿಯಿತು. ಹಳೆಯದನ್ನೆಲ್ಲ ಬಿಚ್ಚಿ, ಕಿತ್ತಳೆಯ ಜೊತೆ ಬೂದು ಉಣ್ಣೆಯ ಎಳೆ ಸೇರಿಸಿ, ಸಣ್ಣ ಕಡ್ಡಿಯಲ್ಲಿ ಹೊಸದಾಗಿ ಹೆಣೆದದ್ದಾಯಿತು. ನನ್ನದು ಲೆಕ್ಕ, ಅಕ್ಕನದೂ ಓಣಿಯವರದೂ ಕೈ. ಪ್ರತಿಯೊಂದನ್ನೂ ನೆನೆಸಿ, ತೂಗುಹಾಕಿ, ಅಳೆದೇ ಕಳಿಸಿದೆ. ಕತ್ತನ್ನು ತಲೆಯಿಂದ ಸಲೀಸಾಗಿ ಹೋಗುವಷ್ಟು ಸಡಿಲ ಮಾಡಿದ್ದೇನೆ. ಹತ್ತೇ ಸ್ವೆಟರ್. ಬೆಕ್ಕುಗಣ್ಣನ ತಾಯಿ ಅವನದನ್ನು ಕೊಡಲಿಲ್ಲ.

ಬಿಳಿ ನೂಲಿನ ಗುಟ್ಟು ಅಕ್ಕನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೊಲಿಗೆ ಒಳಗಡೆ.

ಜನವರಿ 7, ಸೋಮವಾರ

ಇವತ್ತು ಹೊಡೆದಾಟ. ನಾನು ಗೋಡೆ ಹತ್ತಲು ಹೋಗಲಿಲ್ಲ. ಮೊಣಕಾಲು ನೋವು. ಹೊಸ್ತಿಲಲ್ಲಿ ನಿಂತಿದ್ದೆ. ಯಾರ್ಡಿನ ಕಡೆಯಿಂದ ತಗಡು ಬಡಿದಂಥ ಸದ್ದು, ಆಮೇಲೆ ಮನುಷ್ಯರ ಸದ್ದು. ಅಕ್ಕ ಒಲೆ ಹಚ್ಚುತ್ತಾಳೆ, ಆರಿಸುತ್ತಾಳೆ, ಮತ್ತೆ ಹಚ್ಚುತ್ತಾಳೆ.

ಅಳಿಯ ಮಂಜಿನೊಳಗಿಂದ ಓಡಿಬಂದ. ಎಡಗೈ ಬೆತ್ತಲೆ. ಹೆಗಲಿನಿಂದ ಮೊಣಕೈವರೆಗೆ ಕೊಕ್ಕೆ ಗೀರಿದ ಗಾಯ, ಚರ್ಮ ಎರಡು ತುಟಿಯ ಹಾಗೆ ತೆರೆದಿತ್ತು. ಆದರೆ ಕೈ ಜಾಗದಲ್ಲೇ ಇತ್ತು. ಮಿಠಾಯಿ ಕೊಕ್ಕೆ ಹಾಕಿ ಎಳೆದನಂತೆ. ಟಪ್ಪೆಂದು ತೋಳು ಕಳಚಿ, ಅವನು ತೋಳನ್ನು ಹಿಡಿದುಕೊಂಡೇ ಹಿಂದಕ್ಕೆ ಬಿದ್ದನಂತೆ. ಸುಟ್ಟ ಬಟ್ಟೆಯ ಬೂದಿ ಒತ್ತಿ ಅಕ್ಕ ಗಾಯ ಕಟ್ಟಿದಳು. ನಾನು ಆ ಬೆತ್ತಲೆ ಕೈಯನ್ನು ಮುಟ್ಟಿ ಮುಟ್ಟಿ ನೋಡಿದೆ. ಹೊಲಿಗೆ ಎಲ್ಲಿ ಬಿಟ್ಟಿತೆಂದು ಪರೀಕ್ಷಿಸುವುದು ಹೆಣೆದವನ ಕೆಲಸ.

ನಮ್ಮವರಲ್ಲಿ ಆರು ಜನರ ಸ್ವೆಟರಿನ ತೋಳು ಕಿತ್ತುಬಂದಿವೆ. ಒಬ್ಬನೂ ಸಾಯಲಿಲ್ಲ. ಆದರೆ ಮೇಲಿನ ಗೇಟು ಸೋತಿತು. ಹಿಡಿತ ತಪ್ಪಿಸಿಕೊಂಡವನು ನಿಂತು ಹೊಡೆಯುತ್ತಾನೆಯೇ? ಓಡುತ್ತಾನೆ. ಕೆಳಗಿನವರು ಆ ತೋಳುಗಳನ್ನು ಕೋಲಿಗೆ ಸಿಕ್ಕಿಸಿ ಕುಣಿಸುತ್ತಾ, "ಕೈ ಬಿಟ್ಟು ಹೋಗಿದೀರಿ, ಬಂದು ತಗೊಂಡ್ ಹೋಗಿ!" ಎಂದು ಕೂಗುತ್ತಿದ್ದರಂತೆ.

ನನಗೆ ನಗು ಬಂತು. ಅಳಿಯನಿಗೆ ಬರಲಿಲ್ಲ.

ಜನವರಿ 9, ಬುಧವಾರ

ಮೇಸ್ತ್ರಿ ತೀರ್ಮಾನ ಮಾಡಿದ್ದಾನೆ. ನಾಳೆ ಬೆಳಿಗ್ಗೆ ದೊಡ್ಡ ಲಾರಿ ಬರುತ್ತದೆ, ಯಾರ್ಡಿನ ಸೀಟಿ ಊದಿದ ಕೂಡಲೇ ನುಗ್ಗುವುದು. ಬೆಕ್ಕುಗಣ್ಣನ ಲೆಕ್ಕ ತೀರಿಸುವವನು ಅವನ ಜೋಡಿ. ಮಿಠಾಯಿಯ ಕುತ್ತಿಗೆ ನನ್ನ ಅಳಿಯನ ಪಾಲಿಗೆ. ಕೆಳಗಿನವರು ಅಣಕಿಸಿ ನಮ್ಮ ಗೇಟಿನ ಮುಂದೆ ಎಸೆದುಹೋದ ತೋಳುಗಳನ್ನು ಹೆಕ್ಕಿ ತಂದು, ಗೋಣಿ ಹೊಲಿಯುವ ದಾರದಿಂದ ಗಟ್ಟಿಯಾಗಿ ಹೊಲಿಸಿಕೊಳ್ಳಬೇಕೆಂದು ಎಲ್ಲರಿಗೂ ಹೇಳಿದ್ದಾನೆ.

ಅಳಿಯ ದಾರವನ್ನೂ ಗೋಣಿಸೂಜಿಯನ್ನೂ ತಂದು ನನ್ನ ಮುಂದೆ ಎಸೆದ. "ಹೊಲಿ."

"ಇದರಲ್ಲಿ ಹೊಲಿದ್ರೆ ಜಗ್ಗಿದಾಗ ಬಿಡಲ್ಲ ಕಣೋ."

"ಬಿಡಬಾರದು ಅಂತಾನೇ. ನೀನು ಬೇಕಂತ್ಲೇ ಆ ಕೊಳಕು ನೂಲಲ್ಲಿ ಹೊಲಿದೆ. ನನ್ನನ್ನ ಓಡೋ ಹಾಗೆ ಮಾಡಿದೆ. ಇಡೀ ಯಾರ್ಡ್ ನಗ್ತಾ ಇದೆ ನನ್ನ ನೋಡಿ."

"ನಗ್ಲಿ ಬಿಡು. ನಗೋರ ಹಲ್ಲು ಗಾಳಿಗೆ ಒಣಗುತ್ತೆ."

"ನೀನೇ ಹೇಳ್ಕೊಟ್ಟಿದ್ದು! ಹಾಕು, ತಿರುವಿ ಎಳಿ ಅಂತ. ಗೋಡೆ ಮೇಲೆ ಕೂತು ಇನ್ನೊಂದು ಹಾಕು ಅಂದೋನು ನೀನಲ್ವಾ?"

"ನಾನು ಹೊಲಿಯಲ್ಲ," ಅಂದೆ.

ಹೊಡೆದ. ಬರಿಗೈಯಲ್ಲಿ ಹೊಡೆದದ್ದು, ಮೂಟೆ ಎತ್ತುವ ಕೈ. ಬಾಯೊಳಗೆ ಹಲ್ಲೊಂದು ಅಲುಗಾಡಿ ಉಪ್ಪುಪ್ಪಾಯಿತು. ಎರಡನೆಯದಕ್ಕೆ ನಾನು ನೆಲಕ್ಕೆ ಬಿದ್ದೆ, ಪಟ್ಟಿ ಕಟ್ಟಿದ ಕೈ ಕೆಳಗೆ ಸಿಕ್ಕಿತು. ಆಗ ಏನು ಸದ್ದು ಮಾಡಿದೆನೋ ಗೊತ್ತಿಲ್ಲ. ಅಕ್ಕ ಬಂದು ನಮ್ಮಿಬ್ಬರ ನಡುವೆ ನಿಂತಳು. ಅವನು ಸ್ವೆಟರನ್ನು ಎತ್ತಿಕೊಂಡು ಮೂಲೆಗೆ ಹೋಗಿ ತಾನೇ ಹೊಲಿದ. ಗೋಣಿಯ ಹಾಗೆ ದಪ್ಪ ದಪ್ಪ ಹೊಲಿಗೆ. ಅಸಹ್ಯ ಕೆಲಸ. ನೋಡಲಾರದೆ ಮುಖ ತಿರುಗಿಸಿಕೊಂಡೆ.

ಒಳ್ಳೆಯ ಏಟು. ನಮ್ಮ ವಂಶದ ಕೈ ಎಂದು ಬರೆಯಹೊರಟೆ. ಬೇಡ.

ಜನವರಿ 10, ಗುರುವಾರ

ನಸುಕಿನಲ್ಲೇ ಎದ್ದೆ. ಅಳಿಯ ಮಲಗಿದ್ದ, ಕೊಕ್ಕೆ ತಲೆಯ ಪಕ್ಕದಲ್ಲಿತ್ತು. ಸ್ವೆಟರನ್ನು ಅಡುಗೆಮನೆಗೆ ತಂದು ಗೋಣಿದಾರವನ್ನು ಬ್ಲೇಡಿನಿಂದ ಕೊಯ್ದೆ. ಆಮೇಲೆ ಕತ್ತಿನ ತುದಿ ಹುಡುಕಿ ಎಳೆದೆ. ಹೆಣೆಯಲು ಎರಡು ಕೈ ಬೇಕು, ಬಿಚ್ಚಲು ಒಂದು ಸಾಕು. ಸಾಲು ಸಾಲಾಗಿ ಸರ್ರನೆ ಬಂತು. ಎದೆ ಬಿಚ್ಚಿತು, ಬೆನ್ನು ಬಿಚ್ಚಿತು. ಅಕ್ಕ ಎದ್ದುಬಂದು ನೋಡಿದಳು. ಒಂದು ತೋಳನ್ನು ಎತ್ತಿಕೊಂಡು ತಾನೂ ಬಿಚ್ಚತೊಡಗಿದಳು.

ಬೆಳಕು ಹರಿದಾಗ ಅವನು ಬಂದ. "ಮಾವ, ಸ್ವೆಟರ್ ಎಲ್ಲಿ?"

"ಇಲ್ಲೇ ಇದೆ. ಆಕಾರ ಬದಲಾಗಿದೆ ಅಷ್ಟೆ."

ನೆಲದ ಮೇಲೆ ಸೊಟ್ಟಸೊಟ್ಟ ನೂಲಿನ ಗುಡ್ಡೆ. ಅದನ್ನು ನೋಡಿದ, ನನ್ನನ್ನು ನೋಡಿದ. ಕುತ್ತಿಗೆಪಟ್ಟಿ ಹಿಡಿದು ನನ್ನನ್ನು ಗೋಡೆಗೆ ಬಡಿದ, ತಲೆ ಮೊಳೆಗೆ ತಾಗಿ ಕಿವಿಯ ಹಿಂದೆ ಬಿಸಿಯಾಗಿ ಇಳಿಯಿತು. ಕೊಕ್ಕೆಯ ತುದಿಯನ್ನು ಗಂಟಲಿಗೆ ಒತ್ತಿದ. ಉಗುಳು ನುಂಗಿದರೆ ಚುಚ್ಚುತ್ತಿತ್ತು, ಅದಕ್ಕೆ ನುಂಗಲಿಲ್ಲ.

"ಈ ಬಣ್ಣ ಇಲ್ದೆ ಹೋದ್ರೆ ನಮ್ಮೋರೇ ನನ್ನ ಸೀಳಿ ಹಾಕ್ತಾರೆ. ಗೊತ್ತಿಲ್ವಾ ನಿನಗೆ?"

"ಗೊತ್ತು. ಅದಕ್ಕೇ ಹೋಗಬೇಡ."

"ಹೋಗ್ದಿದ್ರೆ ಮೇಸ್ತ್ರಿ ಬರ್ತಾನೆ!"

"ಬರ್ಲಿ. ಬಿಚ್ಚಿದ್ದು ನಾನು. ನನ್ನ ಹತ್ರ ಮಾತಾಡ್ತಾನೆ."

ಅಕ್ಕ ಕೂತಲ್ಲಿಂದ ಏಳಲಿಲ್ಲ. ಕೈಯಲ್ಲಿನ ತೋಳನ್ನು ಬಿಚ್ಚುತ್ತಲೇ ಹೇಳಿದಳು, "ಹಾಕು ಮಗನೇ. ಮೊದಲನೇ ಕೊಲೆ ಮನೆಯಲ್ಲೇ ಮುಗಿಸ್ಕೊಂಡು ಹೋಗು. ಕೈಗೆ ಅಭ್ಯಾಸ ಆಗುತ್ತೆ."

ಅವನ ಮುಖ ನನ್ನ ಮುಖಕ್ಕೆ ಅಂಟಿದಷ್ಟು ಹತ್ತಿರವಿತ್ತು. ಈ ಸಲ ಕಣ್ಣು ಮುಚ್ಚಿರಲಿಲ್ಲ. ಕೊಕ್ಕೆ ಗಂಟಲಿನಿಂದ ಎದೆಗೆ ಇಳಿಯಿತು, ಎದೆಯಿಂದ ಕೆಳಗಿಳಿದು ನೆಲಕ್ಕೆ ಬಿತ್ತು. ಅವನೂ ಅಲ್ಲೇ ಕುಸಿದು ಕೂತ. ಅದೇ ಹೊತ್ತಿಗೆ ಯಾರ್ಡಿನ ಸೀಟಿ ಊದಿತು. ಅವನ ಬೆನ್ನು ನೆಟ್ಟಗಾಯಿತು. ಕೈ ಮತ್ತೆ ಕೊಕ್ಕೆಯ ಕಡೆಗೆ ಹೋಯಿತು.

"ಏಯ್," ಅಂದೆ. "ಈ ನೂಲು ಹೀಗೇ ಬಿಟ್ರೆ ಗಂಟಾಗುತ್ತೆ. ನನಗಿರೋದು ಒಂದೇ ಕೈ. ನಿನ್ನ ತೋಳು ಚಾಚು."

ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. ನಾನು ಎದುರಿಗೆ ಕೂತು ಅವನ ಎರಡೂ ಕೈಗಳನ್ನು ಎಳೆದು ಮುಂದಕ್ಕೆ ಚಾಚಿಸಿ, ಮಣಿಕಟ್ಟುಗಳಿಗೆ ನೂಲನ್ನು ಸುತ್ತತೊಡಗಿದೆ. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ. ಲಡಿ ದಪ್ಪವಾಗುತ್ತಾ ಬಂತು.

ಯಾರ್ಡಿನ ಕಡೆಯಿಂದ ಮೊದಲ ಕೂಗು ಬಂತು. ಆಮೇಲೆ ಕಬ್ಬಿಣದ ಸದ್ದು. ಒಬ್ಬನ ಕಿರುಚಾಟ ನಡುವೆ ಕತ್ತರಿಸಿದ ಹಾಗೆ ನಿಂತಿತು. ಅಳಿಯನ ಕೈಗಳು ಜಗ್ಗಿದವು, ನೂಲು ಬಿಗಿದು ಮಣಿಕಟ್ಟಿನಲ್ಲಿ ಗೀರು ಬಿತ್ತು. "ಬಿಗಿ ಮಾಡ್ಬೇಡ, ನೂಲು ಹಾಳಾಗುತ್ತೆ," ಅಂದೆ. ಸಡಿಲ ಬಿಟ್ಟ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಕ್ಕ ಸೆರಗಿನಿಂದ ಒರೆಸಿದಳು.

ಲಡಿಯಿಂದ ಉಂಡೆ ಸುತ್ತಿದೆ. ನಿಧಾನವಾಗಿ ಸುತ್ತಿದೆ. ನನ್ನಷ್ಟು ಬೇಗ ಉಂಡೆ ಸುತ್ತುವವರು ಎಲ್ಲೂ ಇಲ್ಲ, ಆದರೆ ಒಂದು ಕೈಯಲ್ಲಿ ಸುತ್ತುವಾಗ ಅವಸರ ಮಾಡಬಾರದು. ಯಾರೋ ಓಣಿಯಲ್ಲಿ ಓಡಿಹೋದರು. ಯಾರೋ ನಮ್ಮ ಬಾಗಿಲು ಬಡಿದು ಅಳಿಯನ ಹೆಸರು ಹಿಡಿದು ಕೂಗಿ, ಬೈದು, ಹೋದರು. ಅವನು ಬಾಗಿಲ ಕಡೆ ನೋಡಿದ, ಏಳಲಿಲ್ಲ. ಕೊನೆಯ ಎಳೆ ಅವನ ಹೆಬ್ಬೆರಳನ್ನು ದಾಟಿ ಬಂದು ಉಂಡೆ ಪೂರ್ತಿಯಾಯಿತು. ಯಾರ್ಡಿನ ಗದ್ದಲ ಮಾತ್ರ ಪೂರ್ತಿಯಾಗಿರಲಿಲ್ಲ.

ಬರಿದಾದ ಕೈಗಳನ್ನು ಅವನು ನೋಡಿಕೊಂಡ. ನಾನು ಉಂಡೆಯನ್ನು ಹಿಚುಕಿ ನೋಡಿದೆ.

"ತಪ್ಪಾಯ್ತು ಕಣೋ," ಅಂದೆ. "ಬಹಳ ಬಿಗಿ ಸುತ್ತಿದೀನಿ. ನನ್ನದೇ ತಪ್ಪು. ಪೂರ್ತಿ ಬಿಚ್ಚಿ ಮತ್ತೆ ಸುತ್ತಬೇಕು."

ಸುತ್ತು ಸರಿಯಾಗೇ ಇತ್ತು. ನನ್ನ ಸುತ್ತು ಎಂದಾದರೂ ತಪ್ಪುತ್ತದೆಯೇ! ಅದು ಅವನಿಗೂ ಗೊತ್ತಿತ್ತು. ಆದರೂ ಎರಡೂ ತೋಳುಗಳನ್ನು ಚಾಚಿದ.